ಆಷಾಢದಲ್ಲಿ ಬಂದ ಲ್ಯಾಪ್‌ಟಾಪ್

ಮದುವೆ ಫೋಟೊ ತೆಗೆಯುವವರು ಇಬ್ಬರು ಒಂದು ಕಡೆ ಸೇರಿದರೆ ಮಳೆ-ಬೆಳೆಯ ಮಾತು ಬರುವುದಿಲ್ಲ. ‘ಎಷ್ಟು ಜಿಬಿ ರ‍್ಯಾಮ್ ಹಾಕ್ಸಿದೀಯ?’ ಅನ್ನುವುದೇ ನಮ್ಮ ಕುಶಲೋಪರಿ. 8 ಅಂದವನ ಮೇಲೆ ಕನಿಕರ, 16 ಅಂದವನ ಜೊತೆ ಸ್ನೇಹ, 32 ಅಂದವನ ಮೇಲೆ ಹೊಟ್ಟೆಕಿಚ್ಚು. 64 ಅಂದರೆ ಮಾತು ಬದಲಾಯಿಸಿ ಕಾಫಿ ಹೇಳುತ್ತೇವೆ. ಮೊದಲೆಲ್ಲ ಈ ಜಂಬ ಕ್ಯಾಮೆರಾದ್ದಾಗಿತ್ತು. ಈಗ ಒಳ್ಳೆ ಕ್ಯಾಮೆರಾ ದಿನದ ಬಾಡಿಗೆಗೂ ಸಿಗುತ್ತದೆ. ಆದರೆ ಬೀಗರೂಟ ಮುಗಿಸಿ ಮನೆಗೆ ಬಂದು, ರಾತ್ರಿ ಕೂತು ಮಾಡುವ ಕೆಲಸಕ್ಕೆ ಬಾಡಿಗೆ ಮಷೀನು ನಂಬಿಕೊಳ್ಳುವುದಕ್ಕಾಗುವುದಿಲ್ಲ. ಅದಕ್ಕೆ ಸ್ವಂತದ್ದೇ ಬೇಕು, ಅದೂ ಓಡುವಂಥದ್ದು.

ನನ್ನ ಹಳೆಯ ಲ್ಯಾಪ್‌ಟಾಪಿಗೆ ಓಡುವ ವಯಸ್ಸು ಮುಗಿದಿತ್ತು. ಫೋಟೊ ತಿದ್ದುವ ಫೋಟೊಶಾಪೂ ಲೈಟ್‌ರೂಮೂ ಒಟ್ಟಿಗೆ ತೆರೆದರೆ ಸಾಕು, ಫ್ಯಾನು ಕೂಗಲು ಶುರು ಮಾಡುತ್ತಿತ್ತು. ಒಳಗಿನ ಕೋಣೆಯಿಂದ ಮನೆಯವರು ‘ಈ ಹೊತ್ತಲ್ಲಿ ಮಿಕ್ಸಿ ಯಾರು ಹಾಕಿದ್ದು?’ ಅಂತ ಕೇಳುತ್ತಿದ್ದರು. ಒಂದು ಸ್ಲೈಡರ್ ಎಳೆದರೆ, ಬದಲಾವಣೆ ಪರದೆ ಮೇಲೆ ಕಾಣುವಷ್ಟರಲ್ಲಿ ಯಾಕೆ ಎಳೆದೆ ಅನ್ನುವುದೇ ಮರೆತು ಹೋಗಿರುತ್ತಿತ್ತು.

ಪಾಪ, ಅದನ್ನು ಬೈದು ಪ್ರಯೋಜನವಿಲ್ಲ. ನಾವು ಹೊರಿಸುವ ಹೊರೆಯೇ ಅಂಥದ್ದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು, ಅಂದರೆ ಕ್ಯಾಮೆರಾ ಹಿಡಿದ ಹಸಿ ಚಿತ್ರ, ಸುಮಾರು 25ರಿಂದ 30 ಎಂಬಿ ತೂಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಓಡಾಡುವ ಜೆಪೆಗ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಇರುವುದು 256 ಮೆಟ್ಟಿಲು. 14 ಬಿಟ್‌ನ ರಾ ಫೈಲಿನಲ್ಲಿ 16,384. ಮದುಮಗಳ ಕತ್ತಿನ ನೆರಳೂ ಸೀರೆ ಜರಿಯ ಹೊಳಪೂ ಒಂದೇ ಚಿತ್ರದಲ್ಲಿ ಉಳಿಯುವುದು ಈ ಮೆಟ್ಟಿಲುಗಳ ದಯೆಯಿಂದ. ಅದರ ಮೇಲೆ, ಲೈಟ್‌ರೂಮ್ ಮೂಲ ಫೈಲನ್ನು ಮುಟ್ಟುವುದೇ ಇಲ್ಲ. ನಾವು ಮಾಡಿದ ತಿದ್ದುಪಡಿಯನ್ನೆಲ್ಲ ಬೇರೆ ಬರೆದಿಟ್ಟುಕೊಂಡು, ಅಷ್ಟನ್ನೂ ಲೆಕ್ಕ ಹಾಕಿ ತೋರಿಸುತ್ತದೆ. ಬೆಳಕು ಚೂರು ಏರಿಸಿ ಅಂದರೂ ಲೆಕ್ಕ, ಇಳಿಸಿ ಅಂದರೂ ಲೆಕ್ಕ. ಹಳೆಯದರಲ್ಲಿದ್ದದ್ದು ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕು. ಸೆಕೆಂಡಿಗೆ 100 ಎಂಬಿ ಓದಿದರೆ ಅವತ್ತು ಅದರ ಮೂಡ್ ಚೆನ್ನಾಗಿದೆ ಅಂತ ಅರ್ಥ. ಈಗಿನ, ಚಿಪ್ಪುಗಳಲ್ಲಿ ಫೈಲು ಇಡುವ ಎನ್‌ವಿಎಂಇ ಎಸ್‌ಎಸ್‌ಡಿಗಳು ಸೆಕೆಂಡಿಗೆ 3,000 ಎಂಬಿ ದಾಟುತ್ತವೆ. ಅವುಗಳ ಒಳಗೆ ತಿರುಗುವುದು ಏನೂ ಇಲ್ಲ.

ಆದರೂ ನಾನು ಹೇಗೋ ತಳ್ಳುತ್ತಿದ್ದೆ. ಕೊನೆಗೆ ಸೋಲಿಸಿದ್ದು ಡಿನಾಯ್ಸ್ ಅನ್ನುವ ಗುಂಡಿ. 2023ರಲ್ಲಿ ಲೈಟ್‌ರೂಮಿಗೆ ಬಂತು. ನಮ್ಮ ಕಡೆಯ ಕಲ್ಯಾಣ ಮಂಟಪಗಳನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ವೇದಿಕೆ ಮೇಲೆ ಕಣ್ಣು ಕುಕ್ಕುವ ಎಲ್‌ಇಡಿ, ಊಟದ ಹಾಲಿನಲ್ಲಿ ಕತ್ತಲು. ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ, 6,400ಕ್ಕೆ ಏರಿಸಿದರೆ ಮುಖದ ತುಂಬ ರವೆ ಎರಚಿದ ಹಾಗೆ ಚುಕ್ಕೆ. ಈ ಗುಂಡಿ ಒತ್ತಿದರೆ ಚುಕ್ಕೆ ಮಾಯ, ಮುಖ ಹಾಗೇ ಉಳಿಯುತ್ತದೆ. ಆದರೆ ಆ ಲೆಕ್ಕವನ್ನೆಲ್ಲ ಮಾಡುವುದು ಗ್ರಾಫಿಕ್ಸ್ ಚಿಪ್ಪು, ನನ್ನ ಹಳೆಯದರಲ್ಲಿ ಅದು ಹೆಸರಿಗಷ್ಟೇ ಇತ್ತು. ಒಂದೇ ಒಂದು ಫೋಟೊಗೆ ‘ಇನ್ನೂ ಇಷ್ಟು ನಿಮಿಷ’ ಅಂತ ಅದು ತೋರಿಸುತ್ತಿದ್ದ ಅಂದಾಜು ನೋಡಿದರೆ, ಇಡೀ ಮದುವೆ ಮುಗಿಯುವಷ್ಟರಲ್ಲಿ ಚಾತುರ್ಮಾಸ್ಯ ಕಳೆಯುತ್ತದೆ ಅನ್ನಿಸಿತು.

ನಮ್ಮ ಕಸುಬಿಗೆ ಪಂಚಾಂಗವೇ ಯಜಮಾನ. ಆಷಾಢ ಬಂತು ಅಂದರೆ ಮದುವೆ ಬಂದ್. ಕ್ಯಾಮೆರಾ ಬ್ಯಾಗು ಗೂಟಕ್ಕೆ, ಬಾಕಿ ಆಲ್ಬಂಗಳು ಮೇಜಿಗೆ. ಅಂಗಡಿಗಳಲ್ಲಿ ಆಷಾಢ ಸೇಲ್ ಬೋರ್ಡು ಬೇರೆ. ಮನೆಯಲ್ಲಿ ಹಿರಿಯರು ‘ಆಷಾಢದಲ್ಲಿ ಹೊಸದು ತರಬಾರದು, ಶ್ರಾವಣ ಬರಲಿ’ ಅಂದರು. ಶ್ರಾವಣ ಬಂದರೆ ಮದುವೆಗಳೂ ಬರುತ್ತವೆ, ರಿಯಾಯಿತಿ ಹೋಗುತ್ತದೆ. ‘ಇದು ಹೊಸದಲ್ಲ, ಹಳೇದಕ್ಕೆ ಬದಲಿ’ ಅಂತ ಒಂದು ವಾದ ಮುಂದಿಟ್ಟೆ. ವಾದ ಗೆದ್ದಿತೋ ಇಲ್ಲ ರಿಯಾಯಿತಿ ಗೆದ್ದಿತೋ ಹೇಳುವುದು ಕಷ್ಟ.

ಅಂಗಡಿಯ ಹುಡುಗ ನನ್ನ ನರೆತ ಗಡ್ಡ ನೋಡಿ, ನಾನು ಕೈ ತೋರಿಸಿದ ಮಾಡೆಲ್ ನೋಡಿ, ‘ಮಗನಿಗಾ ಸಾರ್? ಗೇಮ್ ಆಡ್ತಾರಾ?’ ಅಂತ ಕೇಳಿದ. ಫೋಟೊ ಎಡಿಟ್ ಮಾಡುವವರ ಪಾಡೇ ಇದು. ಒಳ್ಳೆ ಗ್ರಾಫಿಕ್ಸ್ ಕಾರ್ಡು ಕೈಗೆಟುಕುವ ಬೆಲೆಗೆ ಸಿಗುವುದು ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ. ಅವುಗಳ ಮೈಮೇಲೆ ಡ್ರ್ಯಾಗನ್ ಮಾರ್ಕು, ಬೆನ್ನಲ್ಲಿ ರಾಕೆಟ್ಟಿನ ಹಾಗೆ ಗಾಳಿಕಿಂಡಿ, ಕೀಬೋರ್ಡಿನಲ್ಲಿ ಕಾಮನಬಿಲ್ಲು. ಬಣ್ಣ ತೂಗಿ ನೋಡಬೇಕಾದವನ ಗಲ್ಲದ ಕೆಳಗೆ ಏಳು ಬಣ್ಣದ ದೀಪ ಕುಣಿಸುವ ಐಡಿಯಾ ಯಾರದೋ ದೇವರೇ ಬಲ್ಲ. ನಾನು ಮನೆಗೆ ತಂದು ಮೊದಲು ಮಾಡಿದ ಕೆಲಸ ಆ ದೀಪ ಆರಿಸಿದ್ದು.

ಇದಕ್ಕಿಂತ ದೊಡ್ಡ ಹಳ್ಳ ಪರದೆಯಲ್ಲಿದೆ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅನ್ನುವುದನ್ನು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಾರೆ. ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವುದು ಇದ್ದರೆ ಎಲ್ಲೋ ಮೂಲೆಯಲ್ಲಿ. ಬಣ್ಣದ ಒಂದು ಹಳೆಯ ಅಳತೆಯಲ್ಲಿ ‘45% ಎನ್‌ಟಿಎಸ್‌ಸಿ’ ಅಂತ ಕಂಡರೆ ಎಷ್ಟೇ ವೇಗವಿದ್ದರೂ ಕೈ ಮುಗಿದು ಬರಬೇಕು. ಅಂಥ ಪರದೆ, ಸಾಮಾನ್ಯ ಪರದೆಗಳ ಬಣ್ಣದ ಅಳತೆಗೋಲಾದ ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲು ಬಣ್ಣವನ್ನೂ ಸರಿಯಾಗಿ ತೋರಿಸುವುದಿಲ್ಲ. ಕುಂಕುಮ ಇಟ್ಟಿಗೆಪುಡಿಯಾಗುತ್ತದೆ. ಅದನ್ನು ನಂಬಿ ಕೆಂಪು ಏರಿಸಿದರೆ ಲ್ಯಾಬಿನಿಂದ ಬರುವ ಆಲ್ಬಮ್ಮಿನಲ್ಲಿ ಮದುಮಗನ ಕಿವಿಗಳು ಉರಿಯುತ್ತಿರುತ್ತವೆ. ಇನ್ನು ಸೀರೆ. ಫೋಟೊ ಮಬ್ಬಾದರೆ ಜನ ಕ್ಷಮಿಸುತ್ತಾರೆ. ಸೀರೆ ಬಣ್ಣ ಹೆಚ್ಚುಕಮ್ಮಿಯಾದರೆ ಕ್ಷಮೆ ಇಲ್ಲ. ‘ನಾನು ಉಟ್ಟಿದ್ದು ರಾಮಾ ಗ್ರೀನ್, ಇದು ಯಾಕೆ ನೀಲಿ ಬಂದಿದೆ?’ ಅಂತ ಕೇಳುವ ಚಿಕ್ಕಮ್ಮ ಇಲ್ಲದ ಮದುವೆಯನ್ನು ನಾನಂತೂ ಕಂಡಿಲ್ಲ. ಆಕೆ ಹೇಳುವುದು ಸರಿಯಾಗಿಯೇ ಇರುತ್ತದೆ. ಹಸಿರಿಗೂ ನೀಲಿಗೂ ನಡುವೆ ಎಲ್ಲೋ ನಿಂತ ಆ ಬಣ್ಣ ಕ್ಯಾಮೆರಾ, ಪರದೆ, ಪ್ರಿಂಟು ಮೂರಕ್ಕೂ ಚಳ್ಳೆಹಣ್ಣು ತಿನ್ನಿಸುತ್ತದೆ.

ಹೊಸ ಮಷೀನು ಬಂದ ಮೇಲೆ ಹಳೆಯದರಿಂದ ಸಂಸಾರ ಸಾಗಿಸುವ ಕೆಲಸ. ಹಳೆಯ 12-36 ಇಂಚಿನ ಕರಿಜ್ಮಾ ಆಲ್ಬಮ್ಮಿನ ಪಿಎಸ್‌ಡಿಯೊಂದನ್ನು, ಅಂದರೆ ಫೋಟೊಶಾಪ್ ಫೈಲೊಂದನ್ನು, ತೆರೆದೆ. ‘ಶುಭ ವಿವಾಹ’ ಅಂತ ಇರಬೇಕಾದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಕನ್ನಡ ಟೈಪಿಸುವ ನುಡಿ ತಂತ್ರಾಂಶದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ರೂಪಗಳನ್ನು ಕೂರಿಸಿಕೊಂಡು ಕೆಲಸ ಮಾಡುವಂಥವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಬಡಬಡಿಕೆ. ಹಾಗಂತ ಯೂನಿಕೋಡ್‌ಗೆ ಹೋದರೂ ಸುಖವಿಲ್ಲ. ಫೋಟೊಶಾಪಿನ ಸೆಟ್ಟಿಂಗಿನಲ್ಲಿ ಭಾರತೀಯ ಭಾಷೆಗಳ ಆಯ್ಕೆ ಹಾಕದಿದ್ದರೆ ಒತ್ತಕ್ಷರಗಳು ಬಿಚ್ಚಿಕೊಂಡು ಸಾಲಾಗಿ ನಿಲ್ಲುತ್ತವೆ. ‘ಲಕ್ಷ್ಮಿ’ ಅನ್ನುವ ಹೆಸರಿನ ಮದುಮಗಳಿಗೆ ಇದರಷ್ಟು ಅನ್ಯಾಯ ಬೇರೆ ಇಲ್ಲ. ಸೆಕೆಂಡಿಗೆ 3,000 ಎಂಬಿ ನುಂಗುವ ಮಷೀನನ್ನು ಎದುರಿಗಿಟ್ಟುಕೊಂಡು ಒಂದು ‘ಕ್ಷ್ಮಿ’ಗಾಗಿ ಮಧ್ಯಾಹ್ನವೆಲ್ಲ ಕೂತೆ. ಆಮೇಲೆ ಹಳೆಯದರಿಂದ ನುಡಿ ಫಾಂಟುಗಳನ್ನೇ ಹೊತ್ತು ತಂದು ಹಾಕಿದೆ.

ಇಷ್ಟಾದ ಮೇಲೆ ನಿಜಕ್ಕೂ ವೇಗ ಬಂತು. ಸುಳ್ಳು ಹೇಳುವುದಿಲ್ಲ, ಮೊದಲ ವಾರ ಖುಷಿಯೋ ಖುಷಿ. ಸ್ಲೈಡರ್ ಎಳೆಯುತ್ತಿದ್ದ ಹಾಗೇ ಬೆಳಕು ಜೊತೆಗೇ ಬರುತ್ತದೆ. ಡಿನಾಯ್ಸ್ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಕಾರ್ಡಿನಿಂದ ಫೋಟೊ ಇಳಿಸಲು ಬಿಟ್ಟು ಕಾಫಿಗೆ ಎದ್ದರೆ ಹಾಲು ಉಕ್ಕುವ ಮೊದಲೇ ‘ಟಿಣ್’ ಅನ್ನುತ್ತದೆ.

ತೊಂದರೆ ಶುರುವಾದದ್ದು ಅರಿಶಿನ ಶಾಸ್ತ್ರದ ಫೋಟೊಗಳಲ್ಲಿ. ಹಳದಿ ಸೀರೆ, ಚೆಂಡು ಹೂವು, ಅರಿಶಿನ ಮೆತ್ತಿದ ಮುಖ, ಹಿಂದೆ ಹಳದಿ ಪರದೆ. ಬಿಳಿಯನ್ನು ಬಿಳಿಯಾಗಿ ಇಡಲು ತಾನೇ ಬಣ್ಣ ತಿದ್ದುವ ಆಟೊ ವೈಟ್ ಬ್ಯಾಲೆನ್ಸ್ ಇದನ್ನೆಲ್ಲ ನೋಡಿ, ಬೆಳಕೇ ಹಳದಿ ಇರಬೇಕು ಅಂದುಕೊಂಡು ನೀಲಿ ಬೆರೆಸುತ್ತದೆ. ಹುಡುಗಿ ಜ್ವರದಿಂದ ಎದ್ದವಳ ಹಾಗೆ ಕಾಣುತ್ತಾಳೆ. ಹಾಗಾಗಿ ಕೈಯಲ್ಲೇ ತಿದ್ದಬೇಕು. ಆದರೆ ಒಂದೇ ಸಮ ಹಳದಿ ನೋಡುತ್ತಿದ್ದರೆ ನಮ್ಮ ಕಣ್ಣೂ ಅದಕ್ಕೆ ಒಗ್ಗಿಹೋಗುತ್ತದೆ. ಅರ್ಧ ಗಂಟೆಯಲ್ಲಿ ಹಳದಿಯೇ ಬಿಳಿಯಾಗಿ ಕಾಣತೊಡಗುತ್ತದೆ. ಹಳೆಯ ಲ್ಯಾಪ್‌ಟಾಪ್ ಪ್ರತಿ ಹತ್ತು ಫೋಟೊಗೊಮ್ಮೆ ಕೈಕೊಡುತ್ತಿತ್ತು. ನಾನು ಎದ್ದು ಹೋಗಿ, ಕಿಟಕಿಯಾಚೆ ತೆಂಗಿನ ಮರ ನೋಡಿ, ಲ್ಯಾಪ್‌ಟಾಪನ್ನು ಬೈದು, ಮತ್ತೆ ಬಂದು ಕೂರುತ್ತಿದ್ದೆ. ಕೂತ ತಕ್ಷಣ ‘ಅರೆ, ಹಳದಿ ಜಾಸ್ತಿ ಆಯ್ತಲ್ಲ’ ಅಂತ ಕಾಣುತ್ತಿತ್ತು. ಹೊಸದು ನನ್ನನ್ನು ಎಬ್ಬಿಸುವುದೇ ಇಲ್ಲ. ಈಗ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಏಳುತ್ತೇನೆ. ಲಕ್ಷಕ್ಕೂ ಮೇಲೆ ಕೊಟ್ಟು ಮಷೀನು ತಂದು, ಅದು ಮಾಡದೇ ಬಿಟ್ಟ ಒಂದು ಉಪಕಾರಕ್ಕೆ ಅಲಾರಂ ಇಡುವುದು ತಮಾಷೆಯೇ ಅಲ್ವಾ?

ಕಾಯುವುದು ಈ ಕಸುಬಿಗೆ ಹೊಸದೇನಲ್ಲ. ನಮಗೆ ಕೆಲಸ ಕಲಿಸಿದ ಹಿರಿಯರು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು ಮುಖದ ಕಲೆ ಮುಚ್ಚುತ್ತಿದ್ದರು. ಕೈ ತಪ್ಪಿದರೆ ಪರಿಹಾರವಿಲ್ಲ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರಸೆಲ್ ಕಿರ್ಶ್ 1957ರಲ್ಲಿ ತನ್ನ ಹಸುಗೂಸಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿದಾಗ ಅದು 176ಕ್ಕೆ 176 ಚುಕ್ಕೆಗಳಷ್ಟಿತ್ತು. ಇವತ್ತಿನ ಒಂದು 24 ಮೆಗಾಪಿಕ್ಸೆಲ್ ಫೋಟೊದಲ್ಲಿ ಅಂಥ ಏಳುನೂರಕ್ಕೂ ಹೆಚ್ಚು ಮಕ್ಕಳು ಹಿಡಿಸುತ್ತಾರೆ. ಥಾಮಸ್ ನೋಲ್ ಮತ್ತು ಜಾನ್ ನೋಲ್ ಅಣ್ಣತಮ್ಮಂದಿರ ಫೋಟೊಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. ಚಿತ್ರದ ಮೇಲೆ ಚಿತ್ರ ಪದರವಾಗಿ ಇಡುವ ಲೇಯರ್‌ಗಳು ಬಂದದ್ದು 1994ರಲ್ಲಿ. ಹಲವು ಹೆಜ್ಜೆ ಹಿಂದಕ್ಕೆ ಹೋಗುವ ಹಿಸ್ಟರಿ ಬಂದದ್ದು 1998ರಲ್ಲಿ. ಅಲ್ಲಿಯ ತನಕ ಒಂದೇ ಅಂಡೂ, ಅಂದರೆ ಒಂದೇ ಹೆಜ್ಜೆ ಹಿಂದಕ್ಕೆ. ಈಗ ನಾನು ಅಂಡೂ ಒತ್ತುವ ರಭಸಕ್ಕೆ ಕೀಬೋರ್ಡಿನ ಆ ಗುಂಡಿಯ ಅಕ್ಷರವೇ ಸವೆದಿದೆ.

ಫಿಲ್ಮ್ ಕಾಲದಲ್ಲಿ ರೋಲಿಗೆ 36. ‘ತಾಳಿ ಕಟ್ಟೋ ಹೊತ್ತಿಗೆ ರೋಲ್ ಮುಗೀಬಾರದು’ ಅನ್ನುವುದು ಮೊದಲ ಪಾಠ. ಗಟ್ಟಿಮೇಳಕ್ಕೆ ಮುಂಚೆಯೇ ನಾಲ್ಕಾರು ಫ್ರೇಮು ಉಳಿದಿದ್ದರೂ ರೋಲ್ ಬದಲಾಯಿಸಿ ಸಿದ್ಧವಾಗಿ ನಿಲ್ಲುತ್ತಿದ್ದರು. ಈಗ ಗಟ್ಟಿಮೇಳ ಶುರುವಾದರೆ ಬೆರಳು ಎತ್ತುವುದೇ ಇಲ್ಲ, ಸೆಕೆಂಡಿಗೆ ಹತ್ತು ಹದಿನೈದು ಬೀಳುತ್ತಲೇ ಇರುತ್ತವೆ. ಹೊಸ ಲ್ಯಾಪ್‌ಟಾಪ್ ಬಂದ ಮೇಲಂತೂ ನನ್ನ ಬೆರಳಿಗೆ ಇದ್ದ ಅಷ್ಟಿಷ್ಟು ಭಯವೂ ಹೋಗಿದೆ. ಉಳಿಸಿದ ಹೊತ್ತನ್ನೆಲ್ಲ ಹೆಚ್ಚು ತೆಗೆದ ಫೋಟೊಗಳೇ ತಿಂದು ಹಾಕುತ್ತವೆ. ಮೊದಲು ರಾತ್ರಿ ಒಂದು ಗಂಟೆಗೆ ಮಲಗುತ್ತಿದ್ದೆ. ಈಗಲೂ ಒಂದೇ.

ಆರಿಸುವುದಕ್ಕೂ ಸಾಫ್ಟ್‌ವೇರ್ ಬಂದಿದೆಯಲ್ಲ ಅನ್ನಬಹುದು. ಬಂದಿದೆ, ಹಾಕಿ ನೋಡಿದೆ. ಮಬ್ಬಾದದ್ದು, ಕಣ್ಣು ಮುಚ್ಚಿದ್ದು ಎಲ್ಲವನ್ನೂ ಕ್ಷಣದಲ್ಲಿ ಹೆಕ್ಕಿ ಕಸಕ್ಕೆ ಎಸೆಯುತ್ತದೆ. ಒಂದು ಧಾರೆಯ ಸಾಲಿನಲ್ಲಿ ಅದು ಎಸೆದದ್ದನ್ನು ಸುಮ್ನೆ ಕಣ್ಣಾಡಿಸಿದೆ. ಮದುಮಗಳ ಅಜ್ಜಿ, ಧಾರೆಯ ನೀರು ಬೀಳುವ ಹೊತ್ತಿಗೆ ಕೈ ಮುಗಿದು ಕಣ್ಣು ಮುಚ್ಚಿದ್ದಾರೆ. ತುಟಿ ಏನೋ ಹೇಳಿಕೊಳ್ಳುತ್ತಿದೆ. ಮೂಗುಬೊಟ್ಟಿನ ಮೇಲೆ ಒಂದು ಅಕ್ಷತೆ ಕಾಳು ಕೂತಿದೆ. ಇಡೀ ಮದುವೆಯಲ್ಲಿ ನಾನು ತೆಗೆದ ಒಳ್ಳೆಯ ಚಿತ್ರ ಅದೇ. ಸಾಫ್ಟ್‌ವೇರ್ ಲೆಕ್ಕದಲ್ಲಿ ಅಜ್ಜಿ ಕಣ್ಣು ಮಿಟುಕಿಸಿದ್ದಾರೆ. ಅವತ್ತಿನಿಂದ ಆರಿಸುವ ಕೆಲಸ ಮತ್ತೆ ನನ್ನ ಕಣ್ಣಿಗೇ ಬಿದ್ದಿದೆ. ಕಣ್ಣಿಗೆ ರ‍್ಯಾಮ್ ಹಾಕಿಸುವ ಅಂಗಡಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಇಲ್ಲ.

ಇಷ್ಟೆಲ್ಲ ಮಾಡಿ, ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿ, ‘ಆಲ್ಬಮ್ಮಿಗೆ ಬೇಕಾದ್ದು ಆರಿಸಿ ಕೊಡಿ’ ಅಂತ ಮನೆಯವರಿಗೆ ತಲುಪಿಸುತ್ತೇನೆ. ಅಲ್ಲಿಗೆ ಗಾಡಿ ನಿಲ್ಲುತ್ತದೆ. ಹುಡುಗಿ ಆರಿಸಿದ್ದು ಅತ್ತೆಗೆ ಹಿಡಿಸುವುದಿಲ್ಲ. ಅತ್ತೆ ಆರಿಸಿದ್ದರಲ್ಲಿ ಹುಡುಗಿಯ ಅಣ್ಣ ಎಲ್ಲೂ ಇಲ್ಲ. ದುಬೈನಲ್ಲಿರುವ ಮಾವ ಊರಿಗೆ ಬಂದ ಮೇಲೆ ಕೂತು ನೋಡೋಣ ಅಂತ ತೀರ್ಮಾನವಾಗುತ್ತದೆ. ಮಾವ ಬರುತ್ತಾರೆ, ಹೋಗುತ್ತಾರೆ. ನಾನು ಫೋನ್ ಮಾಡಿದರೆ ‘ಈ ಭಾನುವಾರ ಖಂಡಿತ ಸಾರ್’ ಅನ್ನುತ್ತಾರೆ. ಯಾವ ಭಾನುವಾರ ಅಂತ ಕೇಳುವ ಧೈರ್ಯ ನನಗಿಲ್ಲ.

ಮೊನ್ನೆ ಅಂಥ ಒಂದು ಜೋಡಿ ಸ್ಟುಡಿಯೊಗೆ ಬಂದಿತ್ತು. ಆರಿಸಿದ ಪಟ್ಟಿ ತಂದರು ಅಂತ ನಾನು ಖುಷಿಯಿಂದ ಕುರ್ಚಿ ಎಳೆದೆ. ಅವರು ಬಂದದ್ದು ಮಗುವಿನ ನಾಮಕರಣಕ್ಕೆ ಬುಕ್ ಮಾಡಲು. ಅಡ್ವಾನ್ಸ್ ಕೊಟ್ಟು ಏಳುವಾಗ ಹುಡುಗ ಮೇಜಿನ ಮೇಲಿದ್ದ ಡ್ರ್ಯಾಗನ್ ಲ್ಯಾಪ್‌ಟಾಪಿನ ಕಡೆ ನೋಡಿ, ‘ಓ, ಹೊಸದು ತಗೊಂಡ್ರಾ? ಒಳ್ಳೇದಾಯ್ತು ಬಿಡಿ. ಇನ್ನು ನಮ್ಮ ಮದುವೆ ಆಲ್ಬಂ ಬೇಗ ಸಿಗುತ್ತೆ’ ಅಂದ.