ಪರ–ವಿರೋಧ: ತೋಟದ ಬಾವಿ ನೀರು ತೋಟದವನದೇ?

ಪರ
(ಶಿರಸಿ ಕಡೆಯ ಅಡಿಕೆ ಬೆಳೆಗಾರ)

ನಮ್ಮ ತೋಟದ ತಲೆಗಿರುವ ಬಾವಿ ಅಪ್ಪಯ್ಯ ತೋಡಿಸಿದ್ದು. ಮೇಲೆ ಚಿರೆಕಲ್ಲು, ಅದು ಮುಗಿದರೆ ಶೇಡಿ ಮಣ್ಣು, ಶೇಡಿ ಕಳೆದರೆ ಕರಿಕಲ್ಲು. ಮೂವತ್ತನೇ ಅಡಿಗೆ ದುಡ್ಡು ಮುಗಿಯಿತು. ಅಮ್ಮನ ಬಳೆ ಅಡಮಾನಕ್ಕೆ ಹೋಯಿತು. ನಲವತ್ತೆರಡಕ್ಕೆ ಮೂಡುಬದಿಯ ಸಂದಿನಿಂದ ಹೆಬ್ಬೆರಳು ಗಾತ್ರದ ಒರತೆ ಒಡೆಯಿತು. ಕೆಳಗಿದ್ದವನು "ಹಗ್ಗ ಎಳೀರೋ" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಅಮ್ಮ ಆ ಕೆಂಪು ನೀರನ್ನೇ ಪಂಚೆಯಲ್ಲಿ ಸೋಸಿ ಎಲ್ಲರಿಗೂ ಚಾ ಮಾಡಿದಳು. ಬಳೆ ಬಿಡಿಸಲು ಏಳು ಕೊಯ್ಲು ಹಿಡಿಯಿತು. ಈಗ ಯಾರೋ ಬಂದು, ಆ ನೀರು ನಿಮ್ಮದಲ್ಲ ಸಾರ್ವಜನಿಕರದು ಅಂದರೆ ನಾನು ಕೇಳುವುದಿಷ್ಟೇ: ಬಳೆ ಯಾರದಾಗಿತ್ತು?

ಕಾನೂನೂ ನನ್ನ ಕಡೆಗಿದೆ. ನೆಲದಡಿ ಗೊತ್ತಾದ ಕಾಲುವೆಯಾಗಿ ಹರಿಯದ ನೀರನ್ನು ತನ್ನ ಗಡಿಯೊಳಗೆ ತೆಗೆದುಕೊಳ್ಳುವುದು ಜಮೀನಿನ ಒಡೆಯನ ಹಕ್ಕು ಎಂದು 1882ರ ಈಸ್‌ಮೆಂಟ್ ಕಾಯ್ದೆಯೇ ಹೇಳುತ್ತದೆ. 2011ರ ರಾಜ್ಯದ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶದಲ್ಲಿ ಬಾವಿಗೆ ಅನುಮತಿ ಕೇಳುತ್ತದೆ. ಕೋಲಾರದಲ್ಲಿ ಸಾವಿರ ಅಡಿ ಕೊರೆಯುವವರಿಗೆ ಸರಿ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲೂ ಬಿಡುವು ಕೊಡದ ಮಳೆ, ಕಾದಿಗೆ (ಬಸಿಗಾಲುವೆ) ತುಂಬಿ ಹರಿಯುವ ತೋಟ; ನಮಗ್ಯಾಕೆ ಆ ಲಗಾಮು? ಫೆಬ್ರವರಿಯಿಂದ ಮೇವರೆಗೆ ಮರದ ಬುಡ ತಣ್ಣಗಿರಬೇಕು, ಇಲ್ಲದಿದ್ದರೆ ಮಿಳ್ಳೆ (ಎಳೆ ಅಡಿಕೆ ಕಾಯಿ) ಉದುರುತ್ತದೆ. ಅರ್ಜಿ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಆ ನಾಲ್ಕು ತಿಂಗಳು ಕಳೆದಿರುತ್ತವೆ.

ನಮ್ಮ ಶಿರಸಿಯ ಗೌರಿ ನಾಯ್ಕ ತನ್ನ ಅಡಿಕೆ ಗಿಡಗಳಿಗಾಗಿ ಒಬ್ಬಳೇ ಬಾವಿ ತೋಡಿದಾಗ ಊರೆಲ್ಲ ಭಗೀರಥಿ ಅಂದಿತು. 2024ರಲ್ಲಿ ಅಂಗನವಾಡಿ ಮಕ್ಕಳಿಗೆ ತೋಡಲು ಇಳಿದರೆ, ಅನುಮತಿ ಇಲ್ಲ ಎಂದು ತಡೆ ಬಂತು. ಜನ ಬೈದ ಮೇಲೆ ಮತ್ತೆ ಕೆಲಸ ಸಾಗಿತು. ಗುದ್ದಲಿ ಹಿಡಿದವಳಿಗೇ ಹೀಗಾದರೆ!

ಪಕ್ಕದವರ ಬಾವಿ ಬತ್ತುತ್ತದೆ ಅನ್ನುತ್ತಾರೆ. ಹೀಗೇ ಬಿಟ್ಟರೆ ನನ್ನ ಮನೆಯ ಸಾರು ರುಚಿಯಾದ್ದರಿಂದ ಅವರ ಮನೆ ಸಾರು ಸಪ್ಪೆಯಾಯಿತು ಅಂದಾರು.

ವಿರೋಧ
(ಕುಮಟಾ ಕಡೆಯ ಶಿಕ್ಷಕಿ)

ಈ ಬದಿಗೆ ಬರೆಯುವವರು ಸಿಗಲಿಲ್ಲವಂತೆ, ನನ್ನ ಪಾಲಿಗೆ ಬಂತು. ನಮ್ಮ ತೆಂಗಿನ ಹಿತ್ತಿಲಲ್ಲೂ ಬೋರು ಇದೆ. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಬಿಲ್ಲೂ ಇಲ್ಲ. ಹಾಗಾಗಿ ದನಿ ಸ್ವಲ್ಪ ತಗ್ಗಿಸಿಯೇ ಬರೆಯುತ್ತೇನೆ.

ಘಟ್ಟದ ಮೇಲಿನ ಲೆಕ್ಕ ಕಡಲಂಚಿಗೆ ಬರುವುದಿಲ್ಲ. ಇಲ್ಲಿ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಅಡಿಯ ಉಪ್ಪುನೀರು ಸುಮಾರು 40 ಅಡಿ ಮೇಲೇರಬಲ್ಲದು. ಏಪ್ರಿಲ್ ಬಂತೆಂದರೆ ನಮ್ಮ ಕುಡಿಯುವ ಬಾವಿಯ ನೀರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕಟ್ಟುವುದಿಲ್ಲ. "ಗಂಜಿಗೆ ಉಪ್ಪು ಹಾಕಬೇಡ, ಬಾವಿಯೇ ಹಾಕಿದೆ" ಅನ್ನುತ್ತಾರೆ ಅತ್ತೆ. ಅದು ನಮ್ಮ ಬೋರಿನ ಕೆಲಸವೋ ಪಕ್ಕದವರದೋ, ಮನೆಯಲ್ಲಿ ಆ ಮಾತು ಎತ್ತುವಂತಿಲ್ಲ.

ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಹೊಸ ಬಾವಿಗೆ ಅನುಮತಿ ಬೇಕು ಎಂದು 1999ರ ಕಾಯ್ದೆ ಇದೆ. ಆ 500 ಮೀಟರನ್ನು ಯಾರಾದರೂ ಟೇಪು ಹಿಡಿದು ಅಳೆದದ್ದನ್ನು ನಾನಂತೂ ನೋಡಿಲ್ಲ. ಹಕ್ಕು ಹಕ್ಕು ಎನ್ನುವವರೇ ಮೇ ತಿಂಗಳಲ್ಲಿ ಟ್ಯಾಂಕರಿಗೆ ಮೊದಲು ಕೊಡ ಇಡುವುದು.

ತೋಡಿದ ಬಾವಿಗಳ ತಂಟೆ ಬೇಡ. ಬೋರಿಗೆ ಮಾತ್ರ ಒಂದು ಮೀಟರು ಇರಲಿ. ನಮ್ಮದಕ್ಕೂ. ಯಜಮಾನರನ್ನು ಇನ್ನೂ ಕೇಳಿಲ್ಲ.