ಲೆಕ್ಕಕ್ಕೆ ಸಿಗದ ರೊಟ್ಟಿ

ನಮ್ಮವ್ವ ರೊಟ್ಟಿ ಬಡಿಯುವಾಗ ಎಣಿಸುತ್ತಿರಲಿಲ್ಲ. ಮನೆಯಲ್ಲಿ ಎಷ್ಟು ಮಂದಿ ಇದ್ದರೂ ಕಡೆಗೆ ಬುಟ್ಟಿಯಲ್ಲಿ ಒಂದು ಉಳಿಯುತ್ತಿತ್ತು. ಸಣ್ಣವನಿದ್ದಾಗ ಒಮ್ಮೆ ಕೇಳಿದ್ದೆ, “ಇದು ಯಾರಿಗವ್ವಾ?” “ಬಾಗಲಕ್ಕ ಯಾರರೆ ಬರ್ತಾರ, ಇರ್ಲಿ ಬಿಡು” ಅಂದಿದ್ದಳು. ಒಂದೊಂದು ದಿನ ಜಂಗಮರು ಬರುತ್ತಿದ್ದರು, ಒಂದೊಂದು ದಿನ ಓಣಿಯ ನಾಯಿ, ಯಾರೂ ಬರದಿದ್ದರೆ ಅದು ಮುಸುರಿ ಬಾನಿಗೆ ಬಿದ್ದು ಎಮ್ಮೆಯ ಪಾಲಾಗುತ್ತಿತ್ತು.

ಆ ರೊಟ್ಟಿಯ ದೊಡ್ಡಣ್ಣ ಅಂದರೆ ಎಳ್ಳಮವಾಸ್ಯೆಯ ಚರಗ. ನಮ್ಮ ವಿಜಯಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಡಿಸೆಂಬರಿನಲ್ಲೋ ಜನವರಿಯಲ್ಲೋ ಬರುವ ಆ ಹಬ್ಬದ ಹೊತ್ತಿಗೆ ಎರಿ ಹೊಲದಲ್ಲಿ ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಎಣ್ಣೆಗಾಯಿ ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಹೋಗಿ, ನಾವು ಉಣ್ಣುವ ಮೊದಲು ಒಂದಿಷ್ಟನ್ನು “ಹುಲ್ಲುಲ್ಲಿಗೋ” ಅಂತ ಕೂಗುತ್ತಾ ಬೆಳೆಯೊಳಗೆ ಚೆಲ್ಲುವುದು. ಭೂಮಿತಾಯಿಗೆ ಅಂತ ಹೆಸರು. ಇಲಿ ತಿಂತೋ, ಇರುವೆ ತಿಂತೋ, ಯಾರೂ ಹೋಗಿ ನೋಡುವುದಿಲ್ಲ.

ಹಾಗಂತ ನಾವೆಲ್ಲ ಕರುಣೆಯ ಕಣಜ ಅಂತ ಬರೆದರೆ ಸುಳ್ಳಾಗುತ್ತದೆ. ಅದೇ ಜೋಳದ ತೆನೆಯಲ್ಲಿ ಹಾಲುಗಾಳು ತುಂಬಿದಾಗ ಅಟ್ಟ ಕಟ್ಟಿ, ಕವಣೆಗೆ ಕಲ್ಲಿಟ್ಟು, ಗಂಟಲು ಹರಿಯುವ ಹಾಗೆ ಅರಚಿ ಹಕ್ಕಿ ಓಡಿಸುವವರೂ ನಾವೇ. ನಮ್ಮ ಕಾಕಾ ಹೊಲದಲ್ಲಿ ಹಕ್ಕಿಗಳಿಗೆ ಬೈಯದ ಬೈಗುಳ ಇಲ್ಲ. ಆದರೆ ರಾಶಿ ಆದ ಮೇಲೆ ನಾಲ್ಕು ದಪ್ಪ ತೆನೆ ಆರಿಸಿ ತಂದು ಪಡಸಾಲೆಯ ಜಂತಿಗೆ ಕಟ್ಟುತ್ತಿದ್ದರು, ಗುಬ್ಬಿಗಳಿಗೆ ಅಂತ. “ಹೊಲದಾಗ ತಿಂದ್ರ ಕಳ್ಳರು, ಮನ್ಯಾಗ ತಿಂದ್ರ ಬೀಗರು” ಅನ್ನುತ್ತಿದ್ದರು.

ಈಗ ಕೃಷಿ ತಜ್ಞರೂ ಇಂಥದ್ದನ್ನೇ ಹೇಳುತ್ತಾರೆ. ಕಡಲೆಗೆ ಕಾಯಿಕೊರಕ ಬಿದ್ದರೆ ಹೊಲದಲ್ಲಿ ಚುರುಮುರಿ ಎರಚಿ, ಹಕ್ಕಿ ಕೂರಲು ಕವಲು ಕೋಲು ನೆಡಿ, ಬಂದ ಹಕ್ಕಿ ಹುಳವನ್ನೂ ಹೆಕ್ಕುತ್ತದೆ ಅಂತ. ಖರೆ ಮಾತು. ಔಷಧಿ ಹೊಡೆಯುವುದು ಅಷ್ಟು ತಪ್ಪಿದರೆ ಮಣ್ಣಿಗೂ ಒಳ್ಳೆಯದು, ಹೊಡೆಯುವವನಿಗೂ. ಆದರೂ ಚರಗದಿಂದ ಇಂತಿಷ್ಟು ಲಾಭ ಅಂತ ವಾಟ್ಸಾಪಿನಲ್ಲಿ ಬಂದಾಗಲೆಲ್ಲ ನನಗೆ ಯಾಕೋ ಕಸಿವಿಸಿ. ಲಾಭ ಇಲ್ಲ ಅಂತ ಗೊತ್ತಾಗಿದ್ದರೆ ಚೆಲ್ಲುತ್ತಿರಲಿಲ್ವಾ?

ನಾನೇನೂ ದೊಡ್ಡ ಧರ್ಮಾತ್ಮ ಅಲ್ಲ ಬಿಡಿ. ನಮ್ಮ ಮನೆಯಲ್ಲಿ ಈಗ ರೊಟ್ಟಿ ಬಡಿಯುವುದೇ ಇಲ್ಲ, ಅಂಗಡಿಯಿಂದ ಎಣಿಸಿ ತರುತ್ತೇವೆ. ಇಬ್ಬರಿಗೆ ಆರು. ಮೊನ್ನೆ ಸುಮ್ನೆ “ಏಳು ಕೊಡ್ರಿ ಅಕ್ಕಾರ” ಅಂದೆ. “ಯಾರ್ ಬಂದಾರ್ರೀ ಮನಿಗೆ?” ಅಂದರು. ಏನು ಹೇಳಬೇಕೋ ಹೊಳೆಯಲಿಲ್ಲ.

ಗೇಟಿನ ಹತ್ತಿರ ಮಲಗುವ ನಾಯಿಗೆ ಹಾಕಿದೆ. ಅದು ರೊಟ್ಟಿ ಮೂಸಿತು, ನನ್ನ ಮುಖ ನೋಡಿತು, ಎದ್ದು ಹೋಯಿತು. ಬಿಸ್ಕಿಟ್ ತಿಂದು ರೂಢಿ ಅದಕ್ಕೆ. ರೊಟ್ಟಿ ಎತ್ತಿ ಕಾಂಪೌಂಡ್ ಗೋಡೆಯ ಮೇಲಿಟ್ಟು ಒಳಗೆ ಬಂದೆ. ಸಂಜೆ ನೋಡಿದರೆ ಗೋಡೆ ಖಾಲಿ.