ಭಾವ ಬಂದು ಹೋದ ಮೇಲೆ ಗ್ರಬ್ ರೆಸ್ಕ್ಯೂ

ಕಾಸರಗೋಡಿನ ಕನ್ನಡಿಗರ ಮನೆಯ ಕಂಪ್ಯೂಟರಿನಲ್ಲಿ ಎರಡೆರಡು ಆಪರೇಟಿಂಗ್ ಸಿಸ್ಟಮ್ ಇದ್ದರೆ ಅದು ಶೋಕಿಗೆ ಅಂತ ತಿಳಿಯಬೇಡಿ. ನಮ್ಮ ಸರ್ಕಾರ ತಿರುವನಂತಪುರದಲ್ಲಿ, ನೆಂಟರು ಪುತ್ತೂರು, ವಿಟ್ಲದಲ್ಲಿ. ಕಂಪ್ಯೂಟರಿಗೂ ಅದೇ ಗತಿ. ಕೇರಳದ ಶಾಲೆಗಳಲ್ಲಿ ಐಟಿ ಪಾಠವೆಲ್ಲ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಲ್ಲೇ ನಡೆಯುವುದು. ಮೊದಲು ಐಟಿ ಅಟ್ ಸ್ಕೂಲ್ ಅಂತ ಇದ್ದದ್ದು 2017ರಲ್ಲಿ ಕೈಟ್ ಅಂತಾಯಿತು, ಅವರು ಲಿನಕ್ಸ್‌ನದೇ ಒಂದು ಬಗೆಯಾದ ಉಬುಂಟುವನ್ನು ಶಾಲೆಗೆ ಬೇಕಾದ ಹಾಗೆ ಸಜ್ಜು ಮಾಡಿ ಕೊಡುತ್ತಾರೆ. ನನ್ನ ಮಗಳು ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಇಂಕ್‌ಸ್ಕೇಪು, ಕ್ಯೂಜಿಐಎಸ್ಸು, ಪೈಥಾನು ಅಂತ ಅವಳ ಪ್ರಾಕ್ಟಿಕಲ್ ಪರೀಕ್ಷೆ ಇರುವುದು ಅದರಲ್ಲಿ. ಹಾಗಾಗಿ ಮನೆಯಲ್ಲೂ ಲಿನಕ್ಸ್ ಬೇಕು.

ಇನ್ನು ನಾನು. ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವ ಸಮಿತಿಯಲ್ಲಿ ನನಗೆ ಸಿಕ್ಕಿದ ಕೆಲಸ ಆಮಂತ್ರಣ ಪತ್ರಿಕೆ. ಪ್ರೆಸ್ಸಿನವರಿಗೆ ಪೇಜ್‌ಮೇಕರ್ ಫೈಲೇ ಆಗಬೇಕು, ಅಕ್ಷರ ನುಡಿಯ ಹಳೇ ಫಾಂಟೇ ಆಗಬೇಕು. ಯೂನಿಕೋಡಿನಲ್ಲಿ ಕಳಿಸಿದರೆ ಅಲ್ಲಿ ಅದು ಬರೀ ಚೌಕ ಚೌಕವಾಗಿ ಕಾಣುತ್ತದಂತೆ. ಸರಿ, ವಿಂಡೋಸ್ ಬೇಕೇ ಬೇಕು. ಒಂದೇ ಹಾರ್ಡ್‌ಡಿಸ್ಕ್, ಎರಡು ಸಂಸಾರ. ಸ್ವಿಚ್ ಹಾಕಿದರೆ ಗ್ರಬ್ ಅನ್ನುವ ಕಪ್ಪು ಪರದೆ ಬರುತ್ತದೆ, ಯಾವುದು ಬೇಕು ಅಂತ ಕೇಳುತ್ತದೆ, ಬೇಕಾದ್ದನ್ನು ಆರಿಸಿದರಾಯಿತು.

ಜಗಳ ಇಲ್ಲದೆ ಇರಲಿಲ್ಲ. ಮೊದಲನೆಯದು ಗಡಿಯಾರದ್ದು. ಮಗಳು ಲಿನಕ್ಸ್‌ನಲ್ಲಿ ಕೂತು ಎದ್ದ ಮೇಲೆ ನಾನು ವಿಂಡೋಸ್ ತೆರೆದರೆ ಮಧ್ಯಾಹ್ನ ಒಂದು ಗಂಟೆಗೆ ಬೆಳಿಗ್ಗೆ ಏಳೂವರೆ ತೋರಿಸುತ್ತಿತ್ತು. ಲಿನಕ್ಸ್ ಒಳಗಿನ ಗಡಿಯಾರವನ್ನು ಗ್ರೀನ್‌ವಿಚ್ ಲೆಕ್ಕದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ನೋಡಿ ಇದು ನಮ್ಮೂರ ಸಮಯ ಅಂದುಕೊಳ್ಳುತ್ತದೆ, ಮಧ್ಯೆ ಐದೂವರೆ ಗಂಟೆ ಮಾಯ. ನನ್ನ ಹೆಂಡತಿಗೆ ಮಾತ್ರ ಇದು ಇಷ್ಟವಾಗಿತ್ತು. "ಊಟಕ್ಕೆ ಕರೆದರೆ ಏಳದವರಿಗೆ ಇದೇ ಸರಿಯಾದ ಗಡಿಯಾರ" ಅಂದಳು. ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಅಂತ ಒಂದು ಕಮಾಂಡ್ ಇದೆ, ಅದಕ್ಕೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಸೇರಿಸಿ ಕೊಟ್ಟರೆ ಅದೂ ಭಾರತದ ಸಮಯಕ್ಕೆ ಬರುತ್ತದೆ. ಕೊಟ್ಟೆ, ಬಂತು. ಇನ್ನೊಂದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮಲಗುವುದಿಲ್ಲ, ಅರೆನಿದ್ದೆ, ಹಾಗಾಗಿ ಅದರ ಡ್ರೈವ್‌ಗಳನ್ನು ಲಿನಕ್ಸ್ ಬರೀ ಓದಲಿಕ್ಕೆ ತೆರೆಯುತ್ತದೆ, ಏನನ್ನೂ ಸೇವ್ ಮಾಡಲು ಬಿಡುವುದಿಲ್ಲ. ಅದನ್ನೂ ಆಫ್ ಮಾಡಿ ಆಯಿತು. ಇವೆಲ್ಲ ಚಿಲ್ಲರೆ ವಿಷಯ.

ದೊಡ್ಡದು ಆದದ್ದು ಭಾವ ಬಂದ ಮೇಲೆ. ನನ್ನ ಹೆಂಡತಿಯ ತಮ್ಮ. ನಮ್ಮಲ್ಲಿ ಅವನಿಗೆ ನಾನು ಭಾವ, ನನಗೆ ಅವನು ಭಾವ. ಒಳ್ಳೆಯವನು, ಉಪಕಾರಿ, ಸುಮ್ನೆ ಕೂರುವವನಲ್ಲ. ಆ ಕೊನೆಯದೇ ಕಷ್ಟ. ಮಗನ ಉಪನಯನದ ಡ್ರೋನ್ ವೀಡಿಯೋ ಎಲ್ಲ ಪೆನ್‌ಡ್ರೈವಿನಲ್ಲಿ ತುಂಬಿಸಿಕೊಂಡು ಬಂದಿದ್ದ. ನಮ್ಮ ಕಂಪ್ಯೂಟರಿಗೆ ಹಾಕಿ ಕೊಡುತ್ತೇನೆ, ಅಕ್ಕ ಯಾವಾಗ ಬೇಕಾದರೂ ನೋಡಬಹುದು ಅಂದ. ನಾನು ಅಡಿಕೆ ಸುಲಿಯುವವರ ಲೆಕ್ಕ ನೋಡಲು ಅಂಗಳಕ್ಕೆ ಇಳಿದೆ. ಡಿ ಡ್ರೈವಿನಲ್ಲಿ ಜಾಗ ಸಾಲಲಿಲ್ಲ. ಪಕ್ಕದಲ್ಲಿ ಇ ಡ್ರೈವ್ ಖಾಲಿ ಬಿದ್ದಿತ್ತು. ಬೇರೆ ಯಾರೇ ಆದರೂ ವೀಡಿಯೋವನ್ನು ಇ ಡ್ರೈವಿಗೆ ಹಾಕುತ್ತಿದ್ದರು, ಅಲ್ವಾ? ಭಾವನಿಗೆ ಅದು ಅಡ್ಡಾದಿಡ್ಡಿ ಕಂಡಿತು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಇ ಡ್ರೈವನ್ನು ಅಳಿಸಿ, ಆ ಜಾಗವನ್ನೆಲ್ಲ ಡಿ ಡ್ರೈವಿಗೆ ಸೇರಿಸಿ, ವೀಡಿಯೋ ಹಾಕಿ, ಚಂದ ಮಾಡಿ ಶಟ್‌ಡೌನ್ ಮಾಡಿ, ಕಾಫಿ ಕುಡಿದು, ಸಂಜೆಯ ಬಸ್ಸಿಗೆ ಹೋದ.

ರಾತ್ರಿ ಮಗಳು ಸ್ವಿಚ್ ಹಾಕಿದಳು. ಮೆನು ಇಲ್ಲ. ಕಪ್ಪು ಪರದೆಯ ಮೂಲೆಯಲ್ಲಿ "ಎರರ್: ಅನ್‌ನೋನ್ ಫೈಲ್‌ಸಿಸ್ಟಮ್". ಅದರ ಕೆಳಗೆ "ಗ್ರಬ್ ರೆಸ್ಕ್ಯೂ" ಅಂತ ಬರೆದು, ಪಕ್ಕದಲ್ಲಿ ಮಿನುಗುವ ಒಂದು ಗೆರೆ. ಲಿನಕ್ಸೂ ಇಲ್ಲ, ವಿಂಡೋಸೂ ಇಲ್ಲ. ಪರೀಕ್ಷೆಗೆ ವಾರ ಉಳಿದಿಲ್ಲ, ಆಮಂತ್ರಣ ಪತ್ರಿಕೆ ಮರುದಿನ ಪ್ರೆಸ್ಸಿಗೆ ಹೋಗಬೇಕು. ಅಮ್ಮ ಒಳಗಿಂದಲೇ "ಕರೆಂಟು ಕಮ್ಮಿ ಇರಬೇಕು, ಸ್ವಲ್ಪ ಹೊತ್ತು ಬಿಟ್ಟು ಹಾಕಿ" ಅಂದರು. ಹಾಕಿದೆವು. ಅದೇ ಬಂತು.

ಭಾವನಿಗೆ ಫೋನ್ ಮಾಡಿದೆ. "ಎನಗೆ ಗೊಂತಿಲ್ಲೆ ಭಾವ, ಆನು ಬರೀ ಜಾಗ ಮಾಡಿದ್ದು" ಅಂದ. ಜಾಗ ಮಾಡಿದ್ದು ಅಂದ ಕೂಡಲೇ ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯವನಿಗೂ ಮಾಡಿದೆ. ಅವನು ಪೂರ್ತಿ ಕೇಳಲೇ ಇಲ್ಲ, "ಫಾರ್ಮ್ಯಾಟ್ ಚೆಯ್ಯಾಂ ಚೇಟ್ಟಾ" ಅಂದ, ಎಲ್ಲ ಅಳಿಸಿ ಹೊಸದಾಗಿ ಹಾಕುವ ಅಣ್ಣಾ ಅಂತ. ಪ್ರಿಂಟರ್ ಓಡದಿದ್ದರೂ ಫಾರ್ಮ್ಯಾಟ್, ಸೌಂಡ್ ಬಾರದಿದ್ದರೂ ಫಾರ್ಮ್ಯಾಟ್. ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ, ಸಿಸ್ಟಮ್ ಬೂಟ್ ಆಗುತ್ತಿಲ್ಲ ಅಂದ ತಕ್ಷಣ ಫಾರ್ಮ್ಯಾಟ್ ಅನ್ನುವವನ ಕೈಗೆ ಕಂಪ್ಯೂಟರ್ ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಳಗೆ ಫೈಲುಗಳೆಲ್ಲ ಇದ್ದಲ್ಲೇ ಇರುತ್ತವೆ, ದಾರಿ ಮಾತ್ರ ತಪ್ಪಿರುತ್ತದೆ.

ನಮ್ಮಲ್ಲಿ ಆದದ್ದೂ ಅದೇ. ಹಳೇ ಅಸೆಂಬಲ್ಡ್ ಮೆಷಿನ್, ಬಯೋಸ್ ಕಾಲದ್ದು. ಬಯೋಸ್ ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಒಳಗಿನ ಸಣ್ಣ ಪ್ರೋಗ್ರಾಮು. ಸ್ವಿಚ್ ಹಾಕಿದಾಗ ಬಯೋಸ್ ಓದುವುದು ಡಿಸ್ಕಿನ ಮೊದಲ 512 ಬೈಟು ಮಾತ್ರ. ಅದಕ್ಕೆ ಎಂಬಿಆರ್ ಅಂತ ಹೆಸರು, 1983ರ ಡಾಸ್ 2.0 ಕಾಲದಿಂದ ನಡೆದು ಬಂದದ್ದು. ಆ 512ರಲ್ಲಿ ಪ್ರೋಗ್ರಾಮಿಗೆ ಅಂತ ಸಿಗುವುದು 446 ಬೈಟು, ಯಾವ ಪಾರ್ಟಿಷನ್, ಅಂದರೆ ಡಿಸ್ಕಿನ ಯಾವ ಪಾಲು, ಎಲ್ಲಿ ಅನ್ನುವ ಪಟ್ಟಿಗೆ 64. ಒಂದು ಆಮಂತ್ರಣ ಪತ್ರಿಕೆಯ "ಸರ್ವರಿಗೂ ಆದರದ ಸ್ವಾಗತ"ಕ್ಕೂ ಅದು ಸಾಲದು ಅನ್ನುವ ಹಾಗಿದೆ. ಹಾಗಾಗಿ ಗ್ರಬ್ ತನ್ನ ತಲೆಯನ್ನು ಅಲ್ಲಿಟ್ಟು, ಮುಂದಿನ ತುಂಡನ್ನು ಅದರ ಪಕ್ಕದ ಖಾಲಿ ಜಾಗದಲ್ಲಿ ಇಟ್ಟು, ಉಳಿದ ದೇಹವನ್ನೆಲ್ಲ ಲಿನಕ್ಸ್ ಇರುವ ಪಾರ್ಟಿಷನ್ನಿನಲ್ಲಿ ಇಡುತ್ತದೆ. ಆ ಪಾರ್ಟಿಷನ್ನಿನ ನಂಬ್ರವನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ನಮ್ಮದರಲ್ಲಿ ಡಿ ಡ್ರೈವ್ ಐದು, ಇ ಆರು, ಲಿನಕ್ಸ್ ಏಳು, ಸ್ವಾಪ್ ಎಂಟು. ಸ್ವಾಪ್ ಅಂದರೆ ಮೆಮೊರಿ ಸಾಲದಾಗ ಲಿನಕ್ಸ್ ಬಳಸಿಕೊಳ್ಳುವ ಜಾಗ. ನಡುವಿನ ಆರನ್ನು ಭಾವ ಅಳಿಸಿದ. ಈ ಹಳೇ ಪದ್ಧತಿಯಲ್ಲಿ ಐದರಿಂದ ಮೇಲಿನ ನಂಬ್ರಗಳು ಸಾಲಾಗಿ ಎಣಿಸಿಕೊಂಡು ಹೋಗುವಂಥವು, ಮಧ್ಯದ್ದು ಹೋದರೆ ಹಿಂದಿನವೆಲ್ಲ ಒಂದೊಂದು ಮುಂದೆ ಸರಿಯುತ್ತವೆ. ಲಿನಕ್ಸ್ ಆರಾಯಿತು, ಸ್ವಾಪ್ ಏಳಾಯಿತು. ಪಂಚಾಯತಿನವರು ವಾರ್ಡ್ ಬದಲಾಯಿಸಿ ಮನೆ ನಂಬ್ರವನ್ನೆಲ್ಲ ತಿದ್ದಿದ ಮೇಲೆ, ಹಳೇ ನಂಬ್ರ ಹಿಡಿದುಕೊಂಡು ಬಂದ ಪೋಸ್ಟ್‌ಮ್ಯಾನ್ ಸೀದಾ ಪಕ್ಕದ ಮನೆಯ ಹಟ್ಟಿಗೆ ಹೋಗಿ ನಿಂತು, ದನದ ಮುಖ ನೋಡಿಕೊಂಡು "ಇಲ್ಲಿ ಭಟ್ಟರು ಯಾರು?" ಅಂದ ಹಾಗೆ. ಅನ್‌ನೋನ್ ಫೈಲ್‌ಸಿಸ್ಟಮ್ ಅಂದರೆ ಅಷ್ಟೇ. ಸ್ವಾಪ್‌ನಲ್ಲಿ ಫೈಲ್‌ಸಿಸ್ಟಮ್ ಎಲ್ಲಿರುತ್ತದೆ?

ರೆಸ್ಕ್ಯೂ ಪರದೆಯಲ್ಲಿ ಗೊತ್ತಿರುವ ಮಾತು ಬಹಳ ಕಮ್ಮಿ. ಹೆಲ್ಪ್ ಅಂದರೆ ಅದಕ್ಕೆ ಗೊತ್ತಿಲ್ಲ. ಏನೇನಿದೆ ಅಂತ ತೋರಿಸುವ ಎಲ್‌ಎಸ್ ಕೊಟ್ಟೆ. ಎಚ್‌ಡಿ0 ಅಂತ ಶುರುವಾಗಿ ಎಂಎಸ್‌ಡಾಸ್7, 6, 5, 2, 1 ಅಂತ ಸಾಲು ಬಂತು. ಒಂದೊಂದನ್ನೇ ಇಣುಕಿದೆ. ಏಳು, ಅನ್‌ನೋನ್. ಆರು ಕೊಟ್ಟಾಗ ಬೂಟ್, ಇಟಿಸಿ, ಹೋಮ್ ಅಂತ ಫೋಲ್ಡರುಗಳ ಹೆಸರು ಸುರಿಯಿತು. ಮಗಳು ಹಿಂದಿನಿಂದ "ಅಪ್ಪಾ, ಹೋಮ್ ಉಂಟು!" ಅಂತ ಕೂಗಿದಳು. ಅವಳ ಪ್ರಾಜೆಕ್ಟ್ ಎಲ್ಲ ಅದರೊಳಗೆ.

ಇನ್ನು ಟೈಪ್ ಮಾಡಬೇಕಾದ್ದು ನಾಲ್ಕೇ ಸಾಲು. ಸೆಟ್ ರೂಟ್ ಅಂತ ಹೊಸ ನಂಬ್ರ. ಸೆಟ್ ಪ್ರಿಫಿಕ್ಸ್ ಅಂತ ಅದೇ ನಂಬ್ರದ ಜೊತೆ ಬೂಟ್, ಗ್ರಬ್ ಫೋಲ್ಡರಿನ ದಾರಿ. ಇನ್ಸ್‌ಮಾಡ್ ನಾರ್ಮಲ್. ನಾರ್ಮಲ್. ಅಷ್ಟೇ. ಆದರೆ ನಮ್ಮ ಕೀಬೋರ್ಡಿನ ಆರ್ ಕೀಗೆ ಏನೋ ಆಗಿದೆ. ನುಡಿ ಕೀಲಿಮಣೆಯಲ್ಲಿ ರ ಇರುವುದು ಅಲ್ಲೇ, ಆಮಂತ್ರಣದಲ್ಲಿ ಶ್ರೀ ಇಲ್ಲದ ಹೆಸರು ಒಂದೂ ಇಲ್ಲ, ಅಧ್ಯಕ್ಷರಿಂದ ಹಿಡಿದು ಪೆಂಡಾಲಿನವರ ತನಕ ಎಲ್ಲರೂ ಶ್ರೀಗಳೇ, ಆ ಕೀ ಸವೆದು ಅಕ್ಷರವೇ ಕಾಣುವುದಿಲ್ಲ. ಮೆಲ್ಲ ಒತ್ತಿದರೆ ಏನೂ ಬರುವುದಿಲ್ಲ, ಗುದ್ದಿದರೆ ಕೆಳಗೇ ಕೂತು ಆರಾರು ಬರುತ್ತವೆ. ರೂಟ್‌ನಲ್ಲಿ ಒಂದು ಆರ್, ಪ್ರಿಫಿಕ್ಸ್‌ನಲ್ಲಿ ಒಂದು, ಗ್ರಬ್‌ನಲ್ಲಿ ಒಂದು, ನಾರ್ಮಲ್‌ನಲ್ಲಿ ಮತ್ತೊಂದು. ಗ್ರ್‌ರ್‌ರ್‌ರಬ್ ಅಂತ ಕೊಟ್ಟರೆ ಅಂಥ ಫೋಲ್ಡರ್ ಇಲ್ಲ ಅನ್ನುತ್ತದೆ. ಕೊನೆಗೆ ಹೆಂಡತಿ ಬಂದು ಹೇರ್‌ಪಿನ್ನಿನಿಂದ ಆ ಕೀಯ ಬುಡ ಮೀಟಿ ಹಿಡಿದಳು, ನಾನು ಒತ್ತಿದೆ, ಮಗಳು ಜಾಸ್ತಿ ಬಂದದ್ದನ್ನು ಅಳಿಸಿದಳು. ಮೂರು ಜನ ಸೇರಿ ನಾರ್ಮಲ್ ಅಂತ ಬರೆದು ಎಂಟರ್ ಒತ್ತಿದಾಗ ಮೆನು ಬಂತು ನೋಡಿ, ಅಮ್ಮ ಒಳಗಿಂದ "ಕರೆಂಟು ಸರಿಯಾಯಿತಾ?" ಅಂತ ಕೇಳಿದರು.

ಇಲ್ಲಿಗೆ ಬಿಟ್ಟು ಮಲಗಿದರೆ ಬೆಳಿಗ್ಗೆ ಪುನಃ ಅದೇ ಹಟ್ಟಿ, ಅದೇ ದನ. ಆ ನಾಲ್ಕು ಸಾಲು ಆ ಹೊತ್ತಿಗೆ ಮಾತ್ರ. ಲಿನಕ್ಸ್ ಒಳಗೆ ಹೋಗಿ ಸುಡೋ ಗ್ರಬ್-ಇನ್‌ಸ್ಟಾಲ್ ಅಂತ ಡಿಸ್ಕಿನ ಹೆಸರು ಕೊಡಬೇಕು, ಪಾರ್ಟಿಷನ್ ನಂಬ್ರ ಇಲ್ಲದೆ, ಬರೀ ಎಸ್‌ಡಿಎ ಅಂತ. ಆಗ ಹೊಸ ವಿಳಾಸ ಅಲ್ಲಿ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಅಪ್‌ಡೇಟ್-ಗ್ರಬ್. ಎರಡೂ ಮಾಡಿ ರೀಸ್ಟಾರ್ಟ್ ಕೊಟ್ಟೆ.

ಮೆನುವಿನಲ್ಲಿ ವಿಂಡೋಸ್ ಇಲ್ಲ!

ಆಮಂತ್ರಣ ಪತ್ರಿಕೆ ಇದ್ದದ್ದು ಅದರಲ್ಲಿ. ಅರ್ಚಕರ ಹೆಸರು, ತಂತ್ರಿಗಳ ಹೆಸರು, ಯಾರ ಹೆಸರು ಯಾರಿಗಿಂತ ಮೇಲೆ ಬರಬೇಕು ಅಂತ ಮೂರು ಮೀಟಿಂಗಿನಲ್ಲಿ ಜಗಳವಾಡಿ ತೀರ್ಮಾನ ಮಾಡಿದ ಪಟ್ಟಿ. ಅದನ್ನು ಕಳೆದುಕೊಂಡೆ ಅಂತ ಸಮಿತಿಯಲ್ಲಿ ಹೇಳುವುದಕ್ಕಿಂತ ಊರು ಬಿಡುವುದು ಸುಲಭ. ಆದರೆ ಇದಕ್ಕೂ ಕಾರಣ ಸಣ್ಣದು. 2021ರ ಗ್ರಬ್ 2.06ರಿಂದ ಬೇರೆ ಸಿಸ್ಟಮ್ ಹುಡುಕುವ ಓಎಸ್-ಪ್ರೋಬರ್ ಅನ್ನುವುದನ್ನು ಮೊದಲೇ ಆಫ್ ಮಾಡಿ ಇಟ್ಟಿದ್ದಾರೆ, ಭದ್ರತೆಯ ಕಾರಣಕ್ಕೆ. ಇಟಿಸಿ, ಡಿಫಾಲ್ಟ್ ಒಳಗಿನ ಗ್ರಬ್ ಫೈಲಿನಲ್ಲಿ ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಅನ್ನುವ ಸಾಲಿಗೆ ಫಾಲ್ಸ್ ಅಂತ ಕೊಟ್ಟು ಪುನಃ ಅಪ್‌ಡೇಟ್ ಮಾಡಿದರೆ ಆಯಿತು. ಆ ಸಾಲಿನ ಶಬ್ದಗಳ ಮಧ್ಯೆ ಅಂಡರ್‌ಸ್ಕೋರ್ ಹಾಕಬೇಕು, ಜಾಗ ಬಿಡಬಾರದು. ಅದರಲ್ಲಿ ಆರ್ ಎಷ್ಟಿದೆ ಅಂತ ನಾನು ಎಣಿಸಲು ಹೋಗಲಿಲ್ಲ. ಹೆಂಡತಿ ಹೇರ್‌ಪಿನ್ನು ತಂದಳು.

ಹೊಸ ಲ್ಯಾಪ್‌ಟಾಪಿನವರು ಇದನ್ನು ಓದಿ ನಗಬಹುದು, ಅವರದು ಬಯೋಸ್, ಎಂಬಿಆರ್ ಬದಲಿಗೆ ಬಂದ ಯುಇಎಫ್‌ಐ, ಜಿಪಿಟಿ, ನಂಬ್ರ ಹೀಗೆ ಸರಿಯುವುದಿಲ್ಲ. ಒಪ್ಪಿದೆ. ಅವರಿಗೆ ಬೇರೆ ತರದ್ದು ಕಾದಿರುತ್ತದೆ. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ಬಂದಾಗ ಸೆಕ್ಯೂರ್ ಬೂಟ್ ಅನ್ನುವ, ನಂಬಿಕೆಯ ಸಹಿ ಇಲ್ಲದ್ದನ್ನು ಏಳಲು ಬಿಡದ ಕಾವಲು ಇದ್ದ ಎಷ್ಟೋ ಕಂಪ್ಯೂಟರುಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಪರದೆಯಲ್ಲಿ ಬಂದದ್ದು "ಸಂಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್" ಅಂತ. ಅದು ಎದುರಿಗಿದ್ದವರಿಗೂ ಕಾಣುತ್ತಿತ್ತು, ಪಾಪ. ಸೆಕ್ಯೂರ್ ಬೂಟ್ ಆಫ್ ಮಾಡಿ ಒಳಗೆ ಹೋಗಿ ಸರಿ ಮಾಡಿಕೊಂಡವರು ಬಚಾವಾದರು. ಅಲ್ಲಿಯೂ ಯಾರೋ ಒಬ್ಬರು ಫಾರ್ಮ್ಯಾಟ್ ಅಂದೇ ಇರುತ್ತಾರೆ.

ಮಗಳ ಪರೀಕ್ಷೆ ಆಯಿತು. ಪತ್ರಿಕೆ ಪ್ರಿಂಟಾಗಿ ಬಂತು, ಅದರಲ್ಲಿ ಒಬ್ಬರ ಹೆಸರಿನ ಹಿಂದೆ ಶ್ರೀ ಬಿಟ್ಟು ಹೋಗಿ ಸಮಿತಿಯಲ್ಲಿ ಬೇರೆಯೇ ಗಲಾಟೆ. ಕೀಬೋರ್ಡಿನ ವಿಷಯ ಹೇಳಿದರೆ ಯಾರೂ ನಂಬುವುದಿಲ್ಲ. ಬ್ರಹ್ಮಕಲಶಕ್ಕೆ ಬಂದ ಭಾವ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತ. ಉಪನಯನದ ವೀಡಿಯೋ ನೋಡಿ ಆಯಿತಾ ಅಂತ ಕೇಳಿದ. ಇಲ್ಲ ಅಂದೆ. ಅವನಿಗೆ ಬೇಸರವಾದ ಹಾಗೆ ಕಾಣಲಿಲ್ಲ. ಪಾಯಸ ಬಡಿಸಿಕೊಳ್ಳುತ್ತಾ, ತನ್ನ ಹೊಸ ಲ್ಯಾಪ್‌ಟಾಪಿಗೂ ಲಿನಕ್ಸ್ ಹಾಕಿ ಕೊಡಬೇಕು, ಜಾಗ ಎಲ್ಲ ತಾನೇ ಮಾಡಿ ಇಟ್ಟಿದ್ದೇನೆ ಅಂದ.